ಬೆನ್ನು ತಾಗಿದವರ ಪೊರಕೆ

ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ, ಅಯ್ಯೋ ಅಷ್ಟು ಚೆನ್ನಾಗಿದ್ದ ಸ್ನೇಹಿತೆಯರು, ಇವಳೇಕೆ ಹೀಗೆ ಮಾಡಿದಳು ಎಂದು ನೀವು ತಲೆ ಕೆಡಿಸಿಕೊಳ್ಳುತ್ತೀರಿ. ಸ್ನೇಹಿತೆಯರೂ ಹೌದು, ಹೊಟ್ಟೆ ಉರಿಯುತ್ತಿದ್ದುದೂ ಹೌದು. ಹದಿನೈದು ವರ್ಷ ಎರಡನ್ನೂ ಒಂದೇ ಬ್ಯಾಗಿಗೆ ತುಂಬಿಕೊಂಡು ಓಡಾಡಿದ್ದೇನೆ.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ಒಳಗೆ ಹೋದರೆ ಒಂದು ಶೀಟಿನ ಗೋದಾಮಿದೆ. ಗಾಳಿ ಈ ಕಡೆ ತಿರುಗಿದರೆ ಸತ್ತ ಹುಳುವಿನ ವಾಸನೆ ಒಳಗೇ ಬಂದು ಕೂರುತ್ತದೆ. ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದಿದ್ದ ನಮ್ಮ ಸರ್ ಅದನ್ನು ಬಾಡಿಗೆಗೆ ಹಿಡಿದು ಜೂಡೋ ಕಲಿಸುತ್ತಿದ್ದರು. ಮ್ಯಾಟ್ ಕೊಳ್ಳುವ ಶಕ್ತಿ ಯಾರಿಗಿತ್ತು? ನೆಲದ ಮೇಲೆ ತೆಂಗಿನ ನಾರು ಹರಡಿ, ಮೇಲೆ ಟಾರ್ಪಾಲು ಎಳೆದು, ನಾಲ್ಕೂ ಕಡೆ ಮರದ ಪಟ್ಟಿ ಹೊಡೆದಿದ್ದರು. ನಮ್ಮ ಮ್ಯಾಟ್ ಅದೇ. ಒಂದೊಂದು ಸಲ ಬಿದ್ದಾಗಲೂ ಹೊಲಿಗೆಯ ಸಂದಿಯಿಂದ ನಾರಿನ ಪುಡಿ ಉದುರುತ್ತಿತ್ತು. ಹಾಗಾಗಿ ದಿನಾ ಅಭ್ಯಾಸ ಮುಗಿದ ಮೇಲೆ ಯಾರಾದರೊಬ್ಬರು ಗುಡಿಸಲೇಬೇಕಿತ್ತು.

ಯಾರು ಗುಡಿಸಬೇಕೆಂಬುದಕ್ಕೆ ಸರ್ ಒಂದು ಕಾನೂನು ಮಾಡಿದ್ದರು. ಜೂಡೋ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಎದುರಾಳಿಯನ್ನು ಎತ್ತಿ ಒಗೆದು ಅವಳ ಬೆನ್ನು ಪೂರ್ತಿ ನೆಲಕ್ಕೆ ತಾಗಿಸಿದರೆ ಆಟ ಅಲ್ಲಿಗೇ ಮುಗಿಯಿತು, ನೀವು ಗೆದ್ದಿರಿ. ಆದರೆ ಒಗೆಸಿಕೊಂಡವಳು ಗಾಳಿಯಲ್ಲೇ ಹೊರಳಿ ಹೊಟ್ಟೆ ಅಡಿಯಾಗಿ ಬಿದ್ದರೆ ಅದು ಸೋಲಲ್ಲ. ಮುದುಡಿಕೊಂಡು ನಾಲ್ಕಾರು ಕ್ಷಣ ತಡೆದುಕೊಂಡರೆ ಸಾಕು, ರೆಫರಿ ನಿಲ್ಲಿಸುತ್ತಾನೆ. ಎದ್ದು ಜಾಕೆಟ್ಟು ಸರಿಮಾಡಿಕೊಂಡು ಮತ್ತೆ ಶುರು ಮಾಡಬಹುದು. ಆದ್ದರಿಂದ ನಮ್ಮಲ್ಲಿ ಬೆನ್ನನ್ನು ಕಾಪಾಡಿಕೊಳ್ಳುವುದೇ ಅರ್ಧ ವಿದ್ಯೆ. ಸರ್ ಅದನ್ನು ನಮ್ಮ ಮೈಗೆ ಹತ್ತಿಸಿದ್ದು ಪೊರಕೆಯಿಂದ.

"ಯಾರ್ ಬೆನ್ನು ತಾಗ್ತೋ ಅವ್ರು ಪೊರ್ಕೆ ಹಿಡೀರಿ, ಅಷ್ಟೇಯ. ಅಳೋದು ಕರೆಯೋದು ನನ್ ಹತ್ರ ಬ್ಯಾಡ" ಎನ್ನುತ್ತಿದ್ದರು.

ಕಬ್ಬಾಳಿನಿಂದ ಬರುತ್ತಿದ್ದ ನನ್ನ ಆ ಸ್ನೇಹಿತೆಗೆ ಪೊರಕೆ ಕಂಡರೆ ಆಗುತ್ತಿರಲಿಲ್ಲ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಿಗ್ಗೆ ಎದ್ದು ಹುಳದ ಮನೆಯ ಹಿಕ್ಕೆ, ಒಣಗಿದ ಸೊಪ್ಪು ಎಲ್ಲ ಗುಡಿಸಿ, ಸ್ನಾನ ಮಾಡಿ, ಚನ್ನಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು. "ಅಲ್ಲೂ ಕಸ, ಇಲ್ಲೂ ಕಸವಾ? ನಾನಂತೂ ಬೆನ್ನು ತಾಗಿಸಾಕಿಲ್ಲ ಕಣಮ್ಮಿ" ಎಂದು ಮೊದಲನೇ ವಾರವೇ ನನಗೆ ಹೇಳಿದಳು. ಹೇಳಿದಂತೆಯೇ ಮಾಡಿದಳು. ಹೇಗೆ ಎತ್ತಿ ಎಸೆದರೂ ಬೆಕ್ಕಿನ ಹಾಗೆ ಹೊರಳಿಕೊಂಡು ಹೊಟ್ಟೆಯ ಮೇಲೆಯೇ ಬೀಳುತ್ತಿದ್ದಳು. ಒಗೆಯುವುದರಲ್ಲಿ ನಾನು ಅವಳಿಗಿಂತ ಮುಂದಿದ್ದೆ, ಇದನ್ನು ಸರ್ ಕೂಡ ಒಪ್ಪಿದ್ದರು. ಆದರೆ ಬೀಳುವ ವಿದ್ಯೆ ನನಗೆ ಒಲಿಯಲಿಲ್ಲ. ಬಿದ್ದೆನೆಂದರೆ ಅಂಗಾತ. ವಾರದಲ್ಲಿ ನಾಲ್ಕು ದಿನ ಪೊರಕೆ ನನ್ನ ಕೈಯಲ್ಲಿರುತ್ತಿತ್ತು. ಅವಳು ಗೋಡೆಗೊರಗಿ ಕುಳಿತು ಕಡಲೆಕಾಯಿ ಬಿಡಿಸಿ ತಿನ್ನುತ್ತಾ, "ಅಲ್ಲೊಸಿ ಉಳೀತು ನೋಡಮ್ಮಿ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ.

ನಗು ನಿಂತದ್ದು ನಮಗೆ ಹದಿನೇಳಾದಾಗ, ರಾಜ್ಯ ತಂಡದ ಆಯ್ಕೆಯ ದಿನ. ನಮ್ಮ ತೂಕದಲ್ಲಿ ಒಂದೇ ಜಾಗ, ಕೊನೆಗೆ ಉಳಿದವರು ನಾವಿಬ್ಬರೇ. ಎದುರಾಳಿಯನ್ನು ಭುಜದ ಮೇಲಿಂದ ಎತ್ತಿ ಒಗೆಯುವ ನನ್ನ ಭುಜದ ಪಟ್ಟು ಅವತ್ತು ಬಿದ್ದ ಹಾಗೆ ಜೀವಮಾನದಲ್ಲಿ ಮತ್ತೆ ಬಿದ್ದಿಲ್ಲ. ಅವಳ ಕಾಲು ನನ್ನ ತಲೆಯ ಮೇಲಿಂದ ಹಾದುಹೋದದ್ದು ನನಗೆ ಗೊತ್ತು. ಮುಗಿಯಿತು, ಗೆದ್ದೆ ಎಂದುಕೊಂಡೆ. ಆ ಗಾಳಿಯಲ್ಲೇ ಹೊರಳಿದಳು ಪುಣ್ಯಾತ್ಗಿತ್ತಿ! ಹೊಟ್ಟೆಯ ಮೇಲೆ ಬಿದ್ದಳು. ರೆಫರಿ ಕೈ ಎತ್ತಲಿಲ್ಲ. ನಾನು ರೆಫರಿಯ ಮುಖ ನೋಡುತ್ತಾ ನಿಂತಿದ್ದೆ, ಅಷ್ಟರಲ್ಲಿ ಅವಳು ಎದ್ದು ನನ್ನನ್ನು ಕೆಡವಿ, ಎದೆಯ ಮೇಲೆ ಮಲಗಿ, ಎಣಿಕೆ ಮುಗಿಯುವವರೆಗೆ ಅಲುಗಾಡದಂತೆ ಒತ್ತಿ ಹಿಡಿದಳು, ಜೂಡೋದಲ್ಲಿ ಹಾಗೆ ಹಿಡಿದಿಟ್ಟರೂ ಗೆಲುವೇ. ನನ್ನ ಬೆನ್ನು ನೆಲದ ಮೇಲಿತ್ತು. ಹಾಲ್‌ನ ಚಾವಣಿಯಲ್ಲಿ ಒಂದು ಫ್ಯಾನು ಕೆಟ್ಟು ನಿಂತಿತ್ತು. ಇವತ್ತಿಗೂ ಕೆಟ್ಟು ನಿಂತ ಫ್ಯಾನು ಕಂಡರೆ ನನಗೆ ಮೈ ಉರಿಯುತ್ತದೆ.

ಅಲ್ಲಿಂದ ಅವಳ ದಾರಿ ಅವಳಿಗೆ, ನನ್ನ ದಾರಿ ನನಗೆ. ಅವಳಿಗೆ ಕ್ರೀಡಾ ಹಾಸ್ಟೆಲು, ರಾಷ್ಟ್ರಮಟ್ಟದ ಪದಕಗಳು, ಆಮೇಲೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ. ನಾನು ಬಿ.ಪಿ.ಎಡ್. ಮುಗಿಸಿ ಮಾಗಡಿ ತಾಲ್ಲೂಕಿನ ಒಂದು ಖಾಸಗಿ ಪ್ರೌಢಶಾಲೆಗೆ ಪಿ.ಟಿ. ಟೀಚರಾದೆ. ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುವ ಗಂಡ ಸಿಕ್ಕಿದ, ಒಳ್ಳೆಯವನು. ಸರ್ ತೀರಿಕೊಂಡ ಮೇಲೆ ಗೋದಾಮಿನ ಬೀಗದ ಕೈ ನನಗೆ ಬಂತು. ಸಂಜೆ ಹತ್ತು ಹನ್ನೆರಡು ಮಕ್ಕಳಿಗೆ ಕಲಿಸುತ್ತೇನೆ. ನನ್ನ ಬದುಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಅವಳ ಫೋಟೋ ಪೇಪರಿನಲ್ಲಿ ಬಂದ ದಿನ ಸಾರಿಗೆ ಉಪ್ಪು ಎರಡೆರಡು ಸಲ ಬೀಳುತ್ತಿತ್ತು. ಗಂಡ ಒಂದು ತುತ್ತು ಬಾಯಿಗಿಟ್ಟು, "ಇವತ್ತು ನಿನ್ ಫ್ರೆಂಡ್ ಗೆದ್ಲಾ?" ಎಂದು ಕೇಳುತ್ತಿದ್ದ.

ಈ ನಡುವೆ ಹೊರದೇಶದ ಒಬ್ಬಳು ನಮ್ಮಿಬ್ಬರ ನಡುವೆ ಬಂದಳು. ಒಲಿಂಪಿಕ್ಸ್‌ನಲ್ಲಿ ಜೂಡೋ ಚಿನ್ನ ಗೆದ್ದವಳು. ಸರ್ ಬದುಕಿದ್ದಾಗ ಅವಳ ವಿಡಿಯೋಗಳನ್ನು ತಮ್ಮ ಫೋನಿನಲ್ಲಿ ತೋರಿಸಿ, ಕಾಲಿಡುವುದು ಹೇಗೆ ಎಂದು ಪಾಠ ಮಾಡುತ್ತಿದ್ದರು. ನಮಗೆ ಅವಳು ದೇವರ ಸಮ. ಆ ದೇವರು ಒಂದು ದಿನ ಬಿಳಿ ಜಾಕೆಟ್ಟು ಕಳಚಿಟ್ಟು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ ಹೋದಳು. ತಂತಿ ಬಲೆಯ ಪಂಜರದೊಳಗೆ ಇಬ್ಬರನ್ನು ಬಿಟ್ಟು, ಗುದ್ದುವುದು, ಒದೆಯುವುದು, ಕತ್ತು ಹಿಸುಕುವುದು ಎಲ್ಲಕ್ಕೂ ಒಪ್ಪಿಗೆ ಇರುವ ಆಟ ಅದು.

ಸುದ್ದಿ ತಿಳಿದ ಕೂಡಲೇ ಕಬ್ಬಾಳಿನವಳ ಫೋನು ಬಂತು. "ನೋಡ್ದೇನಮ್ಮಿ, ಅವ್ಳು ಕೇಜಿಗೆ ಹೋದ್ಲಂತೆ!"

"ದುಡ್ಡಿಗೆ ಹೋದ್ಲು ಬುಡು" ಎಂದೆ ಮೂಗು ಮುರಿದು.

"ಅಂಗಲ್ಲ ಕಣಮ್ಮಿ. ಪ್ರಪಂಚದಲ್ಲಿ ಎಲ್ಲಾರ್‌ನೂ ಒಗೆದಾಯ್ತು. ಈಗ ಏನೂ ಬರ್ದೇ ಇರೋ ಕಡೆ ಹೋಗಿ ಮೊದಲ್ನೇ ದಿನ ಸೇರ್ಕಂಡೋಳಂಗೆ ನಿಂತವ್ಳೆ. ಎಂಥಾ ಧೈರ್ಯ ಇರ್ಬೇಕು!"

ಆ ಮಾತಿನಲ್ಲೇ ನನಗೆ ಗೊತ್ತಾಯಿತು, ಇವಳೂ ಹೋಗುತ್ತಾಳೆ ಎಂದು. ಹೋದಳು. ನಾನು ಮೂರು ಸಲ ಪರೀಕ್ಷೆ ಬರೆದರೂ ಸಿಗದಿದ್ದ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬೆಂಗಳೂರಿನಲ್ಲಿ ಒಂದು ಜಿಮ್ಮು ಸೇರಿದಳು. ಅವಳ ತಾಯಿ ನನಗೆ ಫೋನು ಮಾಡಿ ಅತ್ತರು. ನಾನು ಸಮಾಧಾನ ಹೇಳಿದೆ. ಹೇಳುತ್ತಾ ಒಳಗೊಳಗೇ ಒಂದೇ ಯೋಚನೆ: ನಾನು ಒಂದು ಸಲ ಕೈಯಲ್ಲಿ ಹಿಡಿದು ನೋಡಿದ್ದರೆ ಸಾಕು ಎನ್ನುವಂಥದ್ದನ್ನು ಇವಳು ಬಿಸಾಡುತ್ತಾಳಲ್ಲ!

ಆದರೆ ಆ ಒಲಿಂಪಿಕ್ ಚಾಂಪಿಯನ್ನಿನ ಒಂದೊಂದು ಪಂದ್ಯವನ್ನೂ ನಾನು ಕದ್ದು ನೋಡುತ್ತಿದ್ದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ, ಆಟದ ಸಾಮಾನಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನೋಡುತ್ತಿದ್ದೆ. ಮೊದಮೊದಲ ಒಂದು ಪಂದ್ಯದಲ್ಲಿ ಅವಳನ್ನು ಎದುರಾಳಿ ಕೆಡವಿದಳು. ಒಲಿಂಪಿಕ್ಸ್ ಗೆದ್ದವಳು ಏನು ಮಾಡಿದಳು ಗೊತ್ತೇ? ನಮ್ಮ ಗೋದಾಮಿನ ಹುಡುಗಿಯರು ಮಾಡುವುದನ್ನೇ ಮಾಡಿದಳು. ಹೊರಳಿ ಹೊಟ್ಟೆಯ ಮೇಲೆ ಬಿದ್ದು ಮುದುಡಿದಳು, ರೆಫರಿ ನಿಲ್ಲಿಸುತ್ತಾನೆಂದು. ಪಂಜರದಲ್ಲಿ ಯಾರು ನಿಲ್ಲಿಸುತ್ತಾರೆ? ಎದುರಾಳಿ ಬೆನ್ನೇರಿ ಕುಳಿತು ಹಿಂದಿನಿಂದ ಕತ್ತಿಗೆ ಕೈ ಹಾಕಿದಳು. ಗಂಟೆ ಬಾರಿಸಿದ್ದರಿಂದ ಉಳಿದುಕೊಂಡಳು.

ಮೂರು ಪಂದ್ಯ ಕಳೆಯುವಷ್ಟರಲ್ಲಿ ಅವಳು ಅದನ್ನು ಬಿಟ್ಟಿದ್ದಳು. ಕೆಡವಿದರೆ ಬೇಕೆಂದೇ ಅಂಗಾತ ಬೀಳುತ್ತಿದ್ದಳು. ಮುಖ ಎದುರಾಳಿಯ ಕಡೆ, ಇಬ್ಬರ ನಡುವೆ ಎರಡೂ ಕಾಲು, ಗದ್ದ ಎದೆಗೆ. ಆ ತುಣುಕನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದೆನೋ ಲೆಕ್ಕವಿಲ್ಲ. ಮಕ್ಕಳು ಹೋದ ಮೇಲೆ ಗೋದಾಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ಬಿದ್ದು ಬಿದ್ದು ಅಭ್ಯಾಸ ಮಾಡಿದೆ. ಎಂಟು ತಿಂಗಳು! ನಡುವೆ ಒಂದು ಸಲ ಸೊಂಟ ಹಿಡಿದುಕೊಂಡಿತು. ಕೊನೆಗೆ ಬಂತು. ಬಂದಾಗ ನನಗೆ ಅಳುವೇ ಬಂತು, ಯಾಕೆಂದರೆ ಹದಿನೇಳರಲ್ಲಿ ನನ್ನನ್ನು ಸೋಲಿಸಿದ್ದ ಈ ಬೆನ್ನು ಆ ಆಟದಲ್ಲಿ ನನ್ನನ್ನು ಕಾಪಾಡುತ್ತಿತ್ತು. ನಾನು ಹುಟ್ಟಿದ್ದು ಆ ಆಟಕ್ಕಿರಬಹುದು ಎಂದುಕೊಂಡೆ. ಮೂವತ್ತು ದಾಟಿದ ಪಿ.ಟಿ. ಟೀಚರು ಇಂಥದ್ದನ್ನು ಯಾರ ಮುಂದೆ ಹೇಳುವುದು?

ಕಬ್ಬಾಳಿನವಳು ಮೊದಲ ಎರಡು ಪಂದ್ಯ ಗೆದ್ದಳು. ಅವಳನ್ನು ಕೆಡವುವವರು ಸಿಗಲಿಲ್ಲ, ಅವಳೇ ಎಲ್ಲರನ್ನೂ ಎತ್ತಿ ಒಗೆದಳು. ಮೂರನೆಯದು ದೊಡ್ಡದು. ಗೆದ್ದವರಿಗೆ ಹೊರದೇಶದ ಕರಾರು, ಆ ಚಾಂಪಿಯನ್ ಆಡುವ ಪಂಜರದಲ್ಲೇ ಆಡುವ ಅವಕಾಶ. ಸೋತವರಿಗೆ ಏನೂ ಇಲ್ಲ. ಅವಳ ವಯಸ್ಸಿಗೆ ಇನ್ನೊಂದು ಅವಕಾಶ ಬರುವುದೂ ಅನುಮಾನವೇ. ಎದುರಾಳಿ ಕುಸ್ತಿಯವಳು, ಎರಡೂ ಕಾಲಿಗೆ ಕೈ ಹಾಕಿ ಎತ್ತಿ ಕೆಡವುವುದರಲ್ಲಿ ಎತ್ತಿದ ಕೈ.

ಪಂದ್ಯಕ್ಕೆ ಮೂರು ವಾರ ಇರುವಾಗ ಅವಳು ಬ್ಯಾಗು ಹೊತ್ತುಕೊಂಡು ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಎತ್ತಿ ಒಗೆಯೋರು ಬೇಕು ಕಣಮ್ಮಿ. ಬೆಂಗ್ಳೂರಲ್ಲಿ ಯಾರ್ ಕೈಲೂ ಆಯ್ತಾ ಇಲ್ಲ. ಅಲ್ಲಿ ನಮ್ ಕೋಚು ಬಾಕ್ಸಿಂಗಿನೋರು, ಅವ್ರಿಗೆ ಗುದ್ದೋದೊಂದೇ ಗೊತ್ತು. ನನ್ನ ಗಾಳೀಲಿ ತೂರಿರೋಳು ಅಂದ್ರೆ ನೀನೊಬ್ಳೇಯ. ದಿನಾ ಒಗಿ. ತಪ್ಪು ಕಂಡ್ರೆ ಮುಲಾಜಿಲ್ದೆ ಹೇಳು."

ಅವಳು ನನ್ನನ್ನು ಹುಡುಕಿಕೊಂಡು ಬಂದಳಲ್ಲ ಎಂದು ಒಂದು ಕ್ಷಣ ಖುಷಿಯಾಯಿತು. ಮರುಕ್ಷಣವೇ, ಓಹೋ, ಒಗೆಯುವುದಕ್ಕೆ ನಾನು, ಗೆಲ್ಲುವುದಕ್ಕೆ ಇವಳು ಎನಿಸಿತು.

ಅವತ್ತು ಸಂಜೆಯೇ ಭುಜದ ಪಟ್ಟು ಹಾಕಿದೆ. ಅವಳು ಹೋದಳು ಗಾಳಿಗೆ, ಹೊರಳಿದಳು, ಹೊಟ್ಟೆಯ ಮೇಲೆ ಬಿದ್ದು ಮುದುಡಿದಳು. ಹದಿನೇಳರಲ್ಲಿ ಮಾಡಿದ ಹಾಗೆಯೇ, ಒಂದು ಕೂದಲು ವ್ಯತ್ಯಾಸವಿಲ್ಲ. ಅವಳ ಕತ್ತು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಆ ಕುಸ್ತಿಯವಳು ಅಲ್ಲಿ ಏನು ಮಾಡುತ್ತಾಳೆಂಬುದು ನನಗೆ ಸಿನಿಮಾ ನೋಡಿದಷ್ಟು ಸ್ಪಷ್ಟವಾಗಿ ಕಂಡಿತು. ಕೈ ಹಾಕಿ ತೋರಿಸಬಹುದಿತ್ತು, ಎರಡು ನಿಮಿಷದ ಮಾತು. ನಾನು ಎದ್ದು ನಿಂತೆ, ಜೂಡೋದಲ್ಲಿ ಆಟ ನಿಲ್ಲಿಸಿದಾಗ ನಿಲ್ಲುವ ಹಾಗೆ.

"ಎಂಗಿತ್ತು?" ಎಂದಳು ಏದುಸಿರು ಬಿಡುತ್ತಾ.

"ಚೆನ್ನಾಗೈತೆ" ಎಂದೆ.

ಆ ರಾತ್ರಿ ಮನೆಯಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಕೋಚು ಹೇಳುತ್ತಾರೆ, ಅದು ಅವರ ಕೆಲಸ ಎಂದುಕೊಂಡೆ. ನಾಳೆ ಹೇಳಿದರಾಯಿತು, ಇನ್ನೂ ಇಪ್ಪತ್ತು ದಿನ ಇದೆ ಎಂದೂ ಅಂದುಕೊಂಡೆ. ಎಲ್ಲ ನೆಪ. ನಿಜ ಏನೆಂದರೆ, ಅವಳ ಹತ್ತಿರ ಇಲ್ಲದ್ದು, ನನ್ನ ಹತ್ತಿರ ಮಾತ್ರ ಇರುವುದು ಪ್ರಪಂಚದಲ್ಲಿ ಇದೊಂದೇ ಇತ್ತು. ಎಂಟು ತಿಂಗಳು ಸೊಂಟ ಮುರಿದುಕೊಂಡು ಕಲಿತದ್ದನ್ನು ಅವಳು ಬಂದು ಕೇಳಿದ ಕೂಡಲೇ ಕೊಟ್ಟುಬಿಡಬೇಕೇ? ಯಾಕೆ ಕೊಡಬೇಕು?

ಒಂದು ದಿನ ಮಾತ್ರ ಹೇಳಿಯೇಬಿಡುವುದೆಂದು ನಿರ್ಧಾರ ಮಾಡಿದ್ದೆ. ಬೆಳಿಗ್ಗೆ ಓಟ ಮುಗಿಸಿ ಚನ್ನಪಟ್ಟಣದ ರಸ್ತೆಯಲ್ಲಿ ಒಂದು ಹೋಟೆಲಿನ ಮುಂದೆ ನಿಂತಿದ್ದೆವು. "ಲೇ, ಒಂದ್ ವಿಷ್ಯ" ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವಳ ಊರಿನ ತಾಲ್ಲೂಕಾದ ಕನಕಪುರದ ಕಡೆಯವರು ಒಂದಷ್ಟು ಜನ ಕಾರಿನಿಂದ ಇಳಿದರು, ಅವಳನ್ನು ಗುರುತು ಹಿಡಿದರು. "ನಮ್ ತಾಲ್ಲೂಕಿನ ಹುಲಿ ಕಣ್ರಪ್ಪೋ!" ಎಂದು ಸುತ್ತ ನಿಂತರು. ಅವರಲ್ಲೊಬ್ಬ ತನ್ನ ಫೋನನ್ನು ನನ್ನ ಕೈಗೆ ತುರುಕಿದ. "ಮೇಡಂ, ಒಸಿ ಆ ಕಡೆ ಹೋಗಿ ಒಂದ್ ಫೋಟೋ ತೆಗೀರಿ. ನಿಮ್ ನೆಳ್ಳು ಬೀಳ್ತೈತೆ."

ಪಕ್ಕಕ್ಕೆ ಹೋದೆ. ತೆಗೆದೆ. ಅವಳು ರೆಪ್ಪೆ ಬಡಿಯುವುದನ್ನೇ ಕಾದು, ಕಣ್ಣು ಮುಚ್ಚಿದಾಗ ಒತ್ತಿದೆ. ಇಂಥ ಸಣ್ಣತನ ನನ್ನದು, ಮುಚ್ಚಿಡುವುದೇನಿದೆ? ಅವರೆಲ್ಲ ಹೋದ ಮೇಲೆ, "ಅದೇನೋ ಹೇಳಕ್ ಬಂದಲ್ಲ?" ಎಂದು ಕೇಳಿದಳು. "ಏನಿಲ್ಲ, ಇಡ್ಲಿ ತಿಂತೀಯಾ ಅಂತ" ಎಂದೆ. ತೂಕ ಇಳಿಸಬೇಕಿದ್ದರಿಂದ ಅವಳು ತಿನ್ನುವಂತಿರಲಿಲ್ಲ. ನಾನು ನಾಲ್ಕು ಇಡ್ಲಿ, ಎರಡು ವಡೆ ಅವಳ ಎದುರಿಗೇ ತಿಂದೆ. ಚಟ್ನಿ ಎರಡನೇ ಸಲ ಹಾಕಿಸಿಕೊಂಡೆ. ಅವಳು ನನ್ನ ಬಾಯನ್ನೇ ನೋಡುತ್ತಾ, "ನೀನ್ ತಿನ್ನೋದ್ ನೋಡುದ್ರೇನೇ ನಂಗೆ ಹೊಟ್ಟೆ ತುಂಬ್ತದೆ ಕಣಮ್ಮಿ" ಎಂದು ನಕ್ಕಳು. ಆ ನಗುವಿನಲ್ಲಿ ಒಂದಿಷ್ಟು ಕೆಟ್ಟತನವಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮೂರು ವಾರ ದಿನಾ ಒಗೆದೆ. ದಿನಾ ಹೊಟ್ಟೆಯ ಮೇಲೆ ಬಿದ್ದಳು. ದಿನಾ ಚೆನ್ನಾಗಿದೆ ಎಂದೆ. ಅವಳ ಬೆನ್ನು ತಾಗದೇ ಇದ್ದುದರಿಂದ ದಿನಾ ನಾನೇ ಗುಡಿಸಿದೆ.

ಪಂದ್ಯ ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನ ಒಳಾಂಗಣ ಕ್ರೀಡಾಂಗಣದಲ್ಲಿ. ಪಂಜರದ ಹೊರಗೆ ಅವಳ ಮೂಲೆಯಲ್ಲಿ ನಿಲ್ಲಲು ಕೋಚಿನ ಜೊತೆ ಇನ್ನಿಬ್ಬರಿಗೆ ಅವಕಾಶವಿತ್ತು. ಒಬ್ಬಳು ಜಿಮ್ಮಿನವಳು, ಇನ್ನೊಬ್ಬಳು ನಾನು. ಅವಳೇ ಹಟ ಮಾಡಿ ನನ್ನ ಹೆಸರು ಬರೆಸಿದ್ದಳು. ಅವಳ ತಾಯಿ ಕಬ್ಬಾಳಮ್ಮನ ಕುಂಕುಮವನ್ನು ಪೇಪರಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಮಗಳ ಹಣೆಗಿಡಲು ಅಲ್ಲಿನವರು ಬಿಡಲಿಲ್ಲ, ಮುಖಕ್ಕೆಲ್ಲ ಎಣ್ಣೆಯಂಥದ್ದೇನೋ ಹಚ್ಚಿದ್ದರು. ಆ ತಾಯಿ ಅದನ್ನು ನನ್ನ ಹಣೆಗಿಟ್ಟರು.

"ನೀನ್ ಅವಳ ಪಕ್ಕದಲ್ಲಿದ್ರೆ ನಂಗೆ ಜೀವ ಐತೆ ಕಣವ್ವ. ಚಿಕ್ಕೋಳಿಂದ ಅವಳ್ ಬಿದ್ದಿದ್ದು ಎದ್ದಿದ್ದು ಎಲ್ಲಾ ನೋಡಿರೋಳು ನೀನು. ಒಸಿ ನೋಡ್ಕೊ."

ಆ ಕುಂಕುಮ ಹಣೆಯ ಮೇಲೆ ಕಾದ ಹೆಂಚಿನಂತಿತ್ತು. ತಲೆ ಆಡಿಸಿ ಅಲ್ಲಿಂದ ಜಾರಿಕೊಂಡೆ.

ಮೊದಲನೇ ಸುತ್ತು ಪೂರ್ತಿ ಅವಳದೇ. ಕುಸ್ತಿಯವಳು ಎರಡು ಸಲ ಕಾಲಿಗೆ ನುಗ್ಗಿದಳು, ಎರಡು ಸಲವೂ ಇವಳು ಜಾರಿಸಿದಳು. ಒಂದು ಸಲ ತೊಡೆ ಕೊಟ್ಟು ಎತ್ತಿ ಒಗೆದಳು ನೋಡಿ, ಇಡೀ ಕ್ರೀಡಾಂಗಣ ಎದ್ದು ನಿಂತಿತು. ನಾನೂ ಎದ್ದು ಕೂಗಿದೆ. ಕೂಗುತ್ತಲೇ ಮುಂದಿನ ಲೆಕ್ಕ ಹಾಕಿದೆ. ಇವಳು ಗೆಲ್ಲುತ್ತಾಳೆ. ವಿಮಾನ ಹತ್ತುತ್ತಾಳೆ, ಆ ಚಾಂಪಿಯನ್ನಿನ ಪಕ್ಕದಲ್ಲಿ ನಿಂತು ಫೋಟೋ ಕಳಿಸುತ್ತಾಳೆ. ನಾನು ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇನೆ.

ಸುತ್ತು ಮುಗಿದು ಒಂದು ನಿಮಿಷದ ಬಿಡುವು. ಸ್ಟೂಲಿನ ಮೇಲೆ ಕುಳಿತಳು. ಕೋಚು ಎಡಗೈ ಮೇಲಿಟ್ಟುಕೋ, ದೂರದಿಂದ ಗುದ್ದು ಎಂದು ಏನೇನೋ ಹೇಳಿದರು. ಅವಳು ತಲೆಯಾಡಿಸಿ ನನ್ನ ಕಡೆ ತಿರುಗಿದಳು.

"ನೀನೇನ್ ಹೇಳ್ತೀಯಮ್ಮಿ?"

ನೀರಿನ ಬಾಟಲು ನನ್ನ ಕೈಯಲ್ಲಿತ್ತು. ಹೇಳಲು ಸಮಯ ಇತ್ತು. ಅಂಗಾತ ಬೀಳು, ತಿರುಗಬೇಡ. ಎರಡೇ ಮಾತು. ಅಷ್ಟು ಹೇಳಿದ್ದರೆ ಅಷ್ಟು ವರ್ಷದ ಅಭ್ಯಾಸ ಒಂದು ನಿಮಿಷಕ್ಕೆ ಹೋಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದೇನೆ ಎಂಬುದಾದರೂ ಉಳಿಯುತ್ತಿತ್ತು.

"ಬಿದ್ರೆ..." ಎಂದೆ.

"ಆಂ? ಬಿದ್ರೆ?"

"ಬಿದ್ರೆ ಬ್ಯಾಗ ಏಳು" ಎಂದೆ.

"ಸರಿ" ಎಂದು ನನ್ನ ಭುಜ ತಟ್ಟಿ ಎದ್ದಳು.

ಎರಡನೇ ಸುತ್ತಿನ ನಡುವೆ ಕುಸ್ತಿಯವಳು ತಗ್ಗಿ ಬಂದಳು, ಈ ಸಲ ಎರಡೂ ಕಾಲು ಸಿಕ್ಕಿದವು. ಎತ್ತಿದಳು. ಅವಳು ಗಾಳಿಯಲ್ಲಿದ್ದಳು. ಮುಂದಿನದನ್ನು ನಾನು ನೋಡಲಿಲ್ಲ. ನೋಡಿದಾಗ ಅವಳು ಹೊಟ್ಟೆಯ ಮೇಲೆ ಮುದುಡಿದ್ದಳು, ಬೆನ್ನ ಮೇಲೆ ಇನ್ನೊಬ್ಬಳಿದ್ದಳು, ಕತ್ತಿನ ಸುತ್ತ ತೋಳು ಆಗಲೇ ಸುತ್ತಿಕೊಂಡಿತ್ತು. ಕೋಚು ಬಲೆಗೆ ಗುದ್ದುತ್ತಾ ಕೂಗುತ್ತಿದ್ದರು. ಅವಳ ಮುಖ ನಮ್ಮ ಕಡೆಗಿತ್ತು, ಮೊದಲು ಕೆಂಪಾಯಿತು, ಆಮೇಲೆ ನೇರಳೆಗೆ ತಿರುಗಿತು. ಬಲಗೈ ನೆಲಕ್ಕೆ ಮೂರು ಸಲ ಬಡಿದಳು. ಸೋತೆ ಎಂದು ಅರ್ಥ. ಹದಿನೈದು ವರ್ಷದಲ್ಲಿ ಅವಳು ನೆಲ ಬಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಹೇಳುವುದನ್ನು ಗಂಡನಿಗೂ ಹೇಳಿಲ್ಲ. ಆ ಕ್ಷಣ ನನಗೆ ದುಃಖವಾಗಲಿಲ್ಲ. ಮೈ ಹಗುರವಾಯಿತು. ಹಬ್ಬದ ದಿನ ಎಣ್ಣೆ ಸ್ನಾನ ಮಾಡಿ ಎದ್ದಾಗ ಆಗುತ್ತದಲ್ಲ, ಹಾಗೆ. ಉಸಿರು ಎರಡು ಸಲ ಒಳಗೆ ಹೋಗಿ ಹೊರಗೆ ಬರುವವರೆಗೆ ಆ ಸುಖ ಇತ್ತು. ಆಮೇಲೆ ಮೇಲಿನ ಸಾಲಿನಲ್ಲಿ ಅವಳ ತಾಯಿ ಕಂಡರು. ಏನಾಯಿತೆಂದು ಗೊತ್ತಾಗದೆ ಅಕ್ಕಪಕ್ಕದವರ ಮುಖ ನೋಡುತ್ತಾ, "ಅವಳ್ ಬೆನ್ನು ತಾಗ್ಲಿಲ್ವಲ್ಲಾ, ತಾಗ್ಲಿಲ್ವಲ್ಲಾ" ಎಂದು ಎಲ್ಲರಿಗೂ ಹೇಳುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕರಾರು ಕುಸ್ತಿಯವಳಿಗೆ ಹೋಯಿತು. ಕಬ್ಬಾಳಿನವಳು ಊರಿಗೆ ಹೋದಳು. ಎಂಟು ಹತ್ತು ದಿನ ಫೋನಿಲ್ಲ. ನಾನೂ ಮಾಡಲಿಲ್ಲ, ಮಾಡಿ ಏನೆನ್ನುವುದು? ನಾನು ಕಾದಿದ್ದು ಅದನ್ನೇ ತಾನೇ, ಅವಳೂ ಸೋಲಲಿ ಎಂದು? ಸೋತಿದ್ದಳು. ಆದರೂ ಊಟ ಸೇರುತ್ತಿರಲಿಲ್ಲ. ಗೆದ್ದಾಗ ಉಪ್ಪು ಹೆಚ್ಚಾಗುತ್ತಿತ್ತು, ಈಗ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದೆ. ಗಂಡ ಈ ಸಲ ಏನೂ ಕೇಳದೆ ಉಪ್ಪಿನಕಾಯಿ ಹಾಕಿಕೊಂಡು ತಿಂದ.

ಒಂದು ಶನಿವಾರ ಮಧ್ಯಾಹ್ನ, ಶಾಲೆ ಮುಗಿಸಿ ಬಂದು ಗೋದಾಮಿನ ಬೀಗ ತೆಗೆಯುತ್ತಿದ್ದೆ. ಮಕ್ಕಳು ಬರಲು ಇನ್ನೂ ಹೊತ್ತಿತ್ತು. ಬೆನ್ನ ಹಿಂದೆ ಅವಳ ದನಿ ಕೇಳಿಸಿತು. "ನಾನೇ ಕಣಮ್ಮಿ."

ಒಳಗೆ ಬಂದು ಟಾರ್ಪಾಲಿನ ಮೇಲೆ ಕುಳಿತಳು. ಕತ್ತಿನ ಪಕ್ಕದ ಕಲೆ ಹಳದಿಗೆ ತಿರುಗಿತ್ತು. ಬಾಯಿಗೆ ಬಂದ ಸಮಾಧಾನದ ಮಾತೆಲ್ಲ ಹೇಳಿದೆ: ಒಂದು ಸೋಲು ತಾನೆ, ಎದುರಾಳಿಯ ಅದೃಷ್ಟ, ನೀನು ಮೊದಲ ಸುತ್ತು ಗೆದ್ದಿದ್ದೆ. ಅವಳು ಫೋನು ತೆಗೆದಳು.

"ಪಂದ್ಯದ್ದು ವಿಡಿಯೋ ಬಂತು. ದಿನಾ ನೋಡ್ತಾವ್ನಿ. ನಾನೆಲ್ ತಪ್ದೆ ಅಂತ." ಬೆರಳಿನಿಂದ ಮುಂದೆ ಓಡಿಸಿದಳು, ಒಂದು ಕಡೆ ನಿಲ್ಲಿಸಿದಳು. ನನ್ನ ಮುಂದೆ ಹಿಡಿದಳು. "ಇಲ್ಲಿ ನೋಡು."

ಪರದೆಯ ಮಧ್ಯದಲ್ಲಿ ಅವಳು ಗಾಳಿಯಲ್ಲಿದ್ದಳು. ಕುಸ್ತಿಯವಳ ತೋಳು ಅವಳ ತೊಡೆ ಬಳಸಿತ್ತು. ಹಿಂದೆ, ಬಲೆಯ ಆಚೆ, ನಮ್ಮ ಮೂಲೆ ಕಾಣುತ್ತಿತ್ತು. ಕೋಚು ಬಾಯಿ ತೆರೆದು ಕೂಗುತ್ತಿದ್ದರು. ಜಿಮ್ಮಿನವಳ ಎರಡೂ ಕೈ ತಲೆಯ ಮೇಲಿದ್ದವು. ಅವರ ಪಕ್ಕದಲ್ಲಿ, ಹಣೆಯಲ್ಲಿ ಅಷ್ಟಗಲ ಕುಂಕುಮ ಇಟ್ಟುಕೊಂಡು, ನಾನಿದ್ದೆ.

"ನಾನಿನ್ನೂ ತಿರುಗಿಲ್ಲ ಕಣಮ್ಮಿ. ಇನ್ನೂ ಮೇಲೇ ಇವ್ನಿ" ಎಂದಳು ನಿಧಾನವಾಗಿ. "ಏನಾಯ್ತದೆ ಅಂತ ನಂಗೇ ಗೊತ್ತಿಲ್ಲ. ನೀನ್ ಮಾತ್ರ ಆಗ್ಲೇ ಕಣ್ ಮುಚ್ಕಂಡ್‌ಬುಟ್ಟಿದ್ದೀಯ."

ಹೊರಗೆ ಯಾವುದೋ ಗೂಡಿನ ಲಾರಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಫೋನನ್ನು ನನ್ನ ಮುಂದಿನಿಂದ ತೆಗೆಯಲಿಲ್ಲ.

"ಯಾವತ್ತಿಂದ ಗೊತ್ತಿತ್ತು?" ಎಂದು ಕೇಳಿದಳು.

"ಮೊದಲ್ನೇ ದಿನದಿಂದ."

"ಮತ್ಯಾಕೆ ಹೇಳ್ಲಿಲ್ಲ?"

ಒಳ್ಳೆಯ ಸುಳ್ಳುಗಳು ಒಂದೆರಡು ನಾಲಗೆಯ ತುದಿಗೆ ಬಂದವು. ಆದರೆ ಆ ಪರದೆಯ ಮೇಲೆ ನನ್ನ ಮುಚ್ಚಿದ ಕಣ್ಣು ಇನ್ನೂ ನನ್ನ ಮುಂದೆಯೇ ಇತ್ತು. "ಹೊಟ್ಟೆ ಉರೀತಿತ್ತು ಕಣೇ" ಎಂದೆ. "ಹದಿನೇಳ್ ವರ್ಷದೋಳಾಗಿದ್ದಾಗಿಂದ ಉರೀತೈತೆ. ನೀನ್ ಸೋತ್ರೆ ಆರ್ತದೆ ಅಂದ್ಕಂಡಿದ್ದೆ."

"ಆರ್ತಾ?"

"ಇಲ್ಲ."

ಅವಳು ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆ ನಡೆದಳು, ಹೋಗಿಬಿಡುತ್ತಾಳೆ ಎಂದುಕೊಂಡೆ. ಬಾಗಿಲ ಹಿಂದೆ ಒರಗಿಸಿದ್ದ ಪೊರಕೆ ತೆಗೆದುಕೊಂಡು ಬಂದು ನನ್ನ ಕೈಗೆ ಕೊಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ನಮ್ಮ ಸರ್ ದನಿಯಷ್ಟೇ ಗಟ್ಟಿಯಾಗಿತ್ತು.

"ಗುಡಿಸು. ಗುಡಿಸಾದ್ಮೇಲೆ ಎಂಗ್ ಬೀಳ್ಬೇಕು ಅಂತ ಹೇಳ್ಕೊಡು. ಚಿನ್ನ ಗೆದ್ದೋ‍ಳೇ ಮೊದಲಿಂದ ಕಲ್ತವ್ಳೆ, ನಂದೇನು?"

ಗುಡಿಸಿದೆ. ನಾಲ್ಕು ಮೂಲೆಯೂ ಗುಡಿಸಿದೆ. ಈ ಸಲ ಅವಳು ಗೋಡೆಗೊರಗಿ ಕುಳಿತು ಎಲ್ಲಿ ಉಳಿಯಿತೆಂದು ತೋರಿಸಲಿಲ್ಲ, ಕೈಕಟ್ಟಿ ನಿಂತು ನೋಡಿದಳು. ಆಮೇಲೆ ಶುರು ಮಾಡಿದೆವು. ಮೊದಲ ಹತ್ತು ಹನ್ನೆರಡು ಸಲ ಮೈ ಕೇಳಲಿಲ್ಲ, ಹೊರಳಿದಳು. ಪ್ರತಿ ಸಲವೂ ನಾನು ಬೆನ್ನೇರಿ ಕತ್ತಿಗೆ ತೋಳು ಸುತ್ತಿ, ಆ ಹಳದಿ ಕಲೆಯ ಮೇಲೆಯೇ ಒತ್ತಿ ತೋರಿಸಿದೆ. ಗದ್ದ ಎಲ್ಲಿರಬೇಕು, ಮಂಡಿ ಎಲ್ಲಿರಬೇಕು, ನನ್ನ ಮುಖವನ್ನು ಹೇಗೆ ಬಿಡದೆ ನೋಡುತ್ತಿರಬೇಕು, ಎಂಟು ತಿಂಗಳಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಬಂದು ಗೋಡೆ ಪಕ್ಕ ಕುಳಿತುಕೊಳ್ಳುವ ಹೊತ್ತಿಗೆ, ಭುಜದ ಪಟ್ಟು ಹಾಕಿ ಒಗೆದೆ. ಅವಳು ಹೊರಳಲಿಲ್ಲ. ದಪ್ಪೆಂದು ಅಂಗಾತ ಬಿದ್ದಳು. ನಾರಿನ ಪುಡಿ ಎದ್ದಿತು. ಮುಖ ನನ್ನ ಕಡೆಗಿತ್ತು, ಇಬ್ಬರ ನಡುವೆ ಅವಳ ಎರಡೂ ಕಾಲಿದ್ದವು, ನನ್ನ ಕೈಗೆ ಕತ್ತು ಎಟುಕಲೇ ಇಲ್ಲ. ಅವಳು ಹದಿನೈದು ವರ್ಷ ಕಾಪಾಡಿಕೊಂಡಿದ್ದ ಬೆನ್ನು ಕೊನೆಗೂ ತಾಗಿತ್ತು. ನನಗೆ ಎಂಟು ತಿಂಗಳು ಹಿಡಿದದ್ದನ್ನು ಅವಳು ಒಂದು ಮಧ್ಯಾಹ್ನದಲ್ಲಿ ಕಲಿತಿದ್ದಳು.

ಅಯ್ಯೋ, ಮತ್ತೆ ಉರಿಯಿತು ನನ್ನ ಹೊಟ್ಟೆ, ಮೊದಲಿಗಿಂತ ಜೋರಾಗಿ.

"ಇನ್ನೊಂದ್ಸಲ" ಎಂದಳು ಕೆಳಗಿನಿಂದ, ಕೈ ಚಾಚಿ.

ಎಳೆದು ನಿಲ್ಲಿಸಿ, ಮತ್ತೆ ಒಗೆದೆ.